ಬಿಸಿನೆಸ್ ಸ್ಕೂಲ್ ಅರ್ಜಿಗೆ ಸಲಹೆಗಾರರ ನೆರವು: ಕೊಟ್ಟ ಹಣಕ್ಕೆ ದೊರೆತದ್ದೇನು

ಎಂಬಿಎ ಪ್ರವೇಶಕ್ಕೆ ಅರ್ಜಿ ಸಲ್ಲಿಸುವಾಗ ಹಣ ಕೊಟ್ಟು ಸಲಹೆಗಾರರನ್ನು ಇಟ್ಟುಕೊಳ್ಳಬೇಕೇ, ಬೇಡವೇ ಎಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಅನೇಕ ಗೆಳೆಯರು ನನ್ನನ್ನು ಕೇಳುತ್ತಿರುತ್ತಾರೆ. ಹಿಂದಿನ ಅರ್ಜಿ ಋತುವಿನಲ್ಲಿ ನಾನು ಅಂಥ ಒಂದು ಸಂಸ್ಥೆಯ ಸೇವೆ ಪಡೆದು, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ, ಫ್ರಾನ್ಸ್‌ನ ಇನ್ಸಿಯಾಡ್ ಮತ್ತು ಅಮೆರಿಕದ ಎರಡು ವರ್ಷಗಳ ಕೋರ್ಸ್‌ಗಳಿಗೆ ಅರ್ಜಿ ಹಾಕಿ, ಕೊನೆಗೆ ಯುರೋಪಿನಲ್ಲಿ ಒಂದು ವರ್ಷದ ಕೋರ್ಸ್‌ಗೆ ಪ್ರವೇಶ ಪಡೆದಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಏಕೆಂದರೆ ಈ ಸೇವೆಯ ಗುಣಮಟ್ಟ ನಿಂತಿರುವುದು ಸಂಸ್ಥೆಯ ಫಲಕದ ಮೇಲಲ್ಲ, ನಿಮ್ಮ ಕಡತವನ್ನು ಕೈಗೆತ್ತಿಕೊಳ್ಳುವ ವ್ಯಕ್ತಿಯ ಮೇಲೆ. ಒಂದೇ ಸಂಸ್ಥೆಯೊಳಗೆ ನನಗೆ ಅತ್ಯುತ್ತಮವಾದ ಕೆಲಸವೂ ಸಾಧಾರಣ ಕೆಲಸವೂ ಎರಡೂ ಸಿಕ್ಕವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆರಂಭದ ವಾರಗಳಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆ ಮತ್ತು ಕೊನೆಯಲ್ಲಿ ನಡೆಸಿದ ಅಣಕು ಸಂದರ್ಶನಗಳಿಗೆ ಕೊಟ್ಟ ಹಣ ಸಾರ್ಥಕವಾಯಿತು. ನಡುವಿನ ದೊಡ್ಡ ಭಾಗವಾದ ಪ್ರಬಂಧ ತಿದ್ದುವಿಕೆ, ಅಂದರೆ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಚ್ಚಿಕೊಳ್ಳುವ ಭಾಗ, ಆ ಬೆಲೆಗೆ ತಕ್ಕದ್ದಾಗಿರಲಿಲ್ಲ.

ಮೊದಲು ಈ ವ್ಯವಹಾರದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಜಯನಗರದಿಂದ ಹುಬ್ಬಳ್ಳಿ, ಮಂಗಳೂರಿನವರೆಗೆ ವಿದೇಶಿ ಶಿಕ್ಷಣಕ್ಕೆ ಉಚಿತ ಮಾರ್ಗದರ್ಶನ ಕೊಡುತ್ತೇವೆಂಬ ಕಚೇರಿಗಳು ಬಹಳ ಇವೆ. ಅವರಲ್ಲಿ ಹೆಚ್ಚಿನವರಿಗೆ ಆದಾಯ ಬರುವುದು ವಿಶ್ವವಿದ್ಯಾಲಯಗಳು ಕೊಡುವ ಕಮಿಷನ್‌ನಿಂದ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಅನೇಕ ವಿಶ್ವವಿದ್ಯಾಲಯಗಳು ಹೀಗೆ ಏಜೆಂಟರ ಮೂಲಕ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತವೆ. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಸಲಹೆಯ ಖರ್ಚನ್ನು ಕಾಲೇಜು ಕೊಡುತ್ತಿರುವಾಗ ಆ ಸಲಹೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ವಿದ್ಯಾರ್ಥಿಯೂ ಪೋಷಕರೂ ತಿಳಿದಿರಬೇಕು. ಹಾರ್ವರ್ಡ್, ವಾರ್ಟನ್, ಲಂಡನ್ ಬಿಸಿನೆಸ್ ಸ್ಕೂಲ್‌ನಂಥ ಮುಂಚೂಣಿಯ ಎಂಬಿಎ ಕೋರ್ಸ್‌ಗಳ ಅರ್ಜಿಯನ್ನು ಅಭ್ಯರ್ಥಿಯೇ ನೇರವಾಗಿ ಸಲ್ಲಿಸಬೇಕು. ಅಂಥ ಅರ್ಜಿಗಳಿಗೆ ನೆರವಾಗುವ ಸಲಹೆಗಾರರು ಅಭ್ಯರ್ಥಿಯಿಂದಲೇ ಶುಲ್ಕ ಪಡೆಯುತ್ತಾರೆ. ನಾನು ಬರೆಯುತ್ತಿರುವುದು ಈ ಎರಡನೆಯ ವರ್ಗದವರ ಬಗ್ಗೆ. ಇವರದೇ ಒಂದು ಅಂತರರಾಷ್ಟ್ರೀಯ ಸಂಘವೂ ಉಂಟು, ಅದಕ್ಕೆ ಐಗಾಕ್ ಎನ್ನುತ್ತಾರೆ. ಅಭ್ಯರ್ಥಿಯ ಪ್ರಬಂಧವನ್ನು ಸಲಹೆಗಾರ ತಾನೇ ಬರೆದುಕೊಡಬಾರದು ಎಂಬುದು ಅದರ ನೀತಿಸಂಹಿತೆಯ ಮುಖ್ಯ ನಿಯಮಗಳಲ್ಲೊಂದು. ಮೊದಲ ಭೇಟಿಯಲ್ಲೇ ‘ಎಲ್ಲವನ್ನೂ ನಾವೇ ಬರೆದುಕೊಡುತ್ತೇವೆ, ನೀವು ನಿಶ್ಚಿಂತೆಯಿಂದಿರಿ’ ಎಂದು ಹೇಳಿದ ಒಂದು ಕಚೇರಿಯಿಂದ ನಾನು ಎದ್ದು ಬಂದೆ. ಅರ್ಜಿಯ ಕೊನೆಯಲ್ಲಿ ‘ಇದು ನನ್ನದೇ ಬರವಣಿಗೆ’ ಎಂದು ಸಹಿ ಹಾಕುವವರು ನಾವು. ಪ್ರವೇಶದ ನಂತರ ಹಿನ್ನೆಲೆ ಪರಿಶೀಲನೆಯಲ್ಲಿ ಲೋಪ ಕಂಡುಬಂದರೆ ಸೀಟು ಕಳೆದುಕೊಳ್ಳುವವರೂ ನಾವೇ.

ನಾನು ಒಪ್ಪಿದ ಸಂಸ್ಥೆ ನಾಲ್ಕು ಕಾಲೇಜುಗಳ ಪ್ಯಾಕೇಜ್‌ಗೆ ಕೇಳಿದ್ದು ಎರಡು ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ಅದರ ಮೇಲೆ ಶೇ 18ರ ಜಿಎಸ್‌ಟಿ ಪ್ರತ್ಯೇಕ. ಗಂಟೆಯ ಲೆಕ್ಕದ ಸೇವೆಯೂ ಅವರಲ್ಲಿತ್ತು, ಆದರೆ ಅದನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು.

ಮೊದಲ ಕೆಲವು ಮಾತುಕತೆಗಳಲ್ಲಿ ಕಾಲೇಜುಗಳ ಹೆಸರೇ ಬರಲಿಲ್ಲ. ನನಗೆ ಗೊತ್ತುಪಡಿಸಿದ ಸಲಹೆಗಾರ್ತಿ ಸ್ವತಃ ಎಂಬಿಎ ಓದಿದವರು. ಅವರು ನನ್ನ ರೆಸ್ಯೂಮೆಯನ್ನು ಬದಿಗಿಟ್ಟು ಊರು, ಮನೆ, ಓದು, ಕೆಲಸ, ಕೆಲಸ ಬಿಡಬೇಕೆನಿಸಿದ ಸಂದರ್ಭಗಳು ಎಂದು ಕೇಳುತ್ತಾ ಹೋದರು. ನನ್ನದು ತಿಪಟೂರು, ತಂದೆ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಾರೆ. ಭಾರತದ ಐಟಿ ಎಂಜಿನಿಯರುಗಳು ಈ ಕಾಲೇಜುಗಳಿಗೆ ಅಪಾರ ಸಂಖ್ಯೆಯಲ್ಲಿ ಅರ್ಜಿ ಹಾಕುತ್ತಾರೆ, ಅವರ ಅಂಕಪಟ್ಟಿ, ಹುದ್ದೆ, ಯೋಜನೆಗಳ ವಿವರಣೆ ಒಂದೇ ಅಚ್ಚಿನಲ್ಲಿರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಿರುವಾಗ ಮಂಡಿಯ ವಿಷಯವನ್ನು ನಾನು ಒಂದು ಕೌಟುಂಬಿಕ ವಿವರವಾಗಿ ಹೇಳಿ ಮುಂದೆ ಹೋಗಿದ್ದೆ. ಅವರು ಅಲ್ಲಿಯೇ ನಿಲ್ಲಿಸಿದರು. ಉಂಡೆ ಕೊಬ್ಬರಿ ಹೇಗೆ ತಯಾರಾಗುತ್ತದೆ ಎಂದು ಕೇಳಿದರು. ಕೊಯ್ದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಸುಮಾರು ಹತ್ತು ಹನ್ನೊಂದು ತಿಂಗಳು ಕಾಯಬೇಕೆಂದು ಹೇಳಿದೆ. ‘ಆ ಹತ್ತು ತಿಂಗಳು ಬೆಳೆಗಾರನ ಮನೆಯ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ?’ ಎಂಬುದು ಅವರ ಮುಂದಿನ ಪ್ರಶ್ನೆ. ಮಂಡಿಯವರು ಮುಂಗಡ ಕೊಡುತ್ತಾರೆ, ಹಾಗೆ ಕೊಟ್ಟ ಮುಂಗಡದಿಂದಾಗಿ ಬೆಳೆಗಾರ ಮಾಲನ್ನು ಅದೇ ಮಂಡಿಗೆ ತರಬೇಕಾಗುತ್ತದೆ, ಧಾರಣೆ ಏರುವವರೆಗೆ ಕಾಯುವ ಸ್ವಾತಂತ್ರ್ಯ ಅವನಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂದು ವಿವರಿಸುವಾಗ, ನಾನು ಕಚೇರಿಯಲ್ಲಿ ಮಾಡುತ್ತಿದ್ದ ಕೆಲಸಕ್ಕೂ ಈ ಸಂಗತಿಗೂ ಇರುವ ನಂಟು ನನ್ನ ಬಾಯಿಂದಲೇ ಹೊರಬಂತು. ನನ್ನ ತಂಡ ನಿರ್ಮಿಸುತ್ತಿದ್ದುದು ಗೋದಾಮುಗಳ ದಾಸ್ತಾನು ಲೆಕ್ಕದ ತಂತ್ರಾಂಶ. ದಾಸ್ತಾನಿನ ಲೆಕ್ಕ ನಂಬಿಕೆಗೆ ಅರ್ಹವಾಗಿದ್ದರೆ ಅದರ ಆಧಾರದ ಮೇಲೆ ಸಾಲ ಕೊಡಲು ಬ್ಯಾಂಕು ಮುಂದೆ ಬರುತ್ತದೆ. 2007ರ ಗೋದಾಮು ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ಉಗ್ರಾಣ ರಸೀದಿಯನ್ನು, ಅಂದರೆ ಗೋದಾಮಿನಲ್ಲಿಟ್ಟ ಸರಕಿಗೆ ಕೊಡುವ ರಸೀದಿಯನ್ನು, ಅಡವಿಡಬಹುದಾದ ದಾಖಲೆಯಾಗಿ ಮಾಡಿದ ಉದ್ದೇಶವೂ ಅದೇ. ಮುಂದೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ನಾನು ಇಟ್ಟುಕೊಂಡಿದ್ದ ಉತ್ತರ, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ನಾಯಕತ್ವ ಎಂಬುದು, ಸಾವಿರಾರು ಜನ ಬರೆಯುವ ಉತ್ತರ. ಉಗ್ರಾಣ ರಸೀದಿಯ ಮೇಲಿನ ಸಾಲದ ವ್ಯವಹಾರವನ್ನು ಸಣ್ಣ ಬೆಳೆಗಾರರವರೆಗೆ ತಲುಪಿಸುವ ಸಂಸ್ಥೆ ಕಟ್ಟಬೇಕೆಂಬ ಉತ್ತರ ನನ್ನದು.

ಇದು ಸಲಹೆಗಾರರ ಕೆಲಸದ ಅತ್ಯುತ್ತಮ ಮಾದರಿ ಎಂದು ನಾನು ತಿಳಿದಿದ್ದೇನೆ. ಕೊಬ್ಬರಿಯ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಉಗ್ರಾಣ ರಸೀದಿಯ ಕಾನೂನಿನ ಬಗ್ಗೆಯೂ ಅಷ್ಟೇ. ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ, ಬಿಡದೆ ಕೇಳುವ ಗುಣವಿತ್ತು. ಮನೆಯವರಾಗಲಿ ಸಹೋದ್ಯೋಗಿಗಳಾಗಲಿ ಇಂಥ ಪ್ರಶ್ನೆ ಕೇಳುವುದಿಲ್ಲ. ಮನೆಯವರಿಗೆ ಅದು ನಿತ್ಯದ ಬದುಕು, ಸಹೋದ್ಯೋಗಿಗಳಿಗೆ ಅದು ತಮಗೆ ಸಂಬಂಧಿಸದ ವಿಷಯ. ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲ್ ಬಹುಕಾಲದಿಂದ ಕೇಳುತ್ತಿರುವ ‘ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಏಕೆ?’ ಎಂಬ ಪ್ರಶ್ನೆಯನ್ನು ಅವರು ಎಲ್ಲ ಅಭ್ಯರ್ಥಿಗಳಿಗೂ, ಅಲ್ಲಿಗೆ ಅರ್ಜಿ ಹಾಕದವರಿಗೂ, ಅಭ್ಯಾಸಕ್ಕಾಗಿ ಬರೆಯಲು ಕೊಡುತ್ತಾರೆ. ಆ ಬರಹವನ್ನು ಎಲ್ಲಿಗೂ ಕಳಿಸಲಿಲ್ಲವಾದರೂ ಉಳಿದ ಪ್ರಬಂಧಗಳಿಗೆ ಬೇಕಾದ ಸಾಮಗ್ರಿಯ ಅರ್ಧ ಭಾಗ ಅದರಿಂದಲೇ ಬಂತು.

ಕಾಲೇಜುಗಳ ಆಯ್ಕೆಯಲ್ಲಿ ಅವರ ತಿಳಿವಳಿಕೆ ಗಟ್ಟಿಯಾಗಿತ್ತು, ಆದರೆ ಸಂಪೂರ್ಣ ನಿಷ್ಪಕ್ಷಪಾತವಾಗಿರಲಿಲ್ಲ. 2023ರ ನವೆಂಬರಿನಲ್ಲಿ ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆ ಬದಲಾಗಿ ಅಂಕಗಳ ಅಳತೆಯೇ 205ರಿಂದ 805 ಎಂದಾಯಿತು. ಹೊಸ ಅಳತೆಯ 645 ಹೆಚ್ಚುಕಡಿಮೆ ಹಳೆಯ 700ಕ್ಕೆ ಸಮ. ನಾನು ಮೊದಲು ವಿಚಾರಿಸಿದ ಇನ್ನೊಂದು ಕಡೆ ಹಳೆಯ ಅಳತೆಯಲ್ಲೇ ಮಾತನಾಡಿ 730 ಇಲ್ಲದಿದ್ದರೆ ಆಸೆ ಬಿಡಿ ಎಂದು ಹೆದರಿಸಿದ್ದರು. ಇವರು ನನ್ನ ಅಂಕವನ್ನು ನೋಡಿ, ಮತ್ತೆ ಪರೀಕ್ಷೆ ಬರೆಯಲು ಬೇಕಾಗುವ ಸಮಯವನ್ನು ಪ್ರಬಂಧಗಳಿಗೆ ಕೊಡುವುದು ಲೇಸೆಂದು ಕಾರಣ ಸಹಿತ ಹೇಳಿದರು. ಇನ್ಸಿಯಾಡ್‌ನ ಕೋರ್ಸ್ ಹತ್ತು ತಿಂಗಳದು, ಅಮೆರಿಕದ್ದು ಎರಡು ವರ್ಷದ್ದು. ಎರಡನೆಯ ವರ್ಷದ ಶುಲ್ಕದ ಜೊತೆಗೆ ಆ ವರ್ಷ ಕೈತಪ್ಪುವ ಸಂಬಳವನ್ನೂ ಖರ್ಚಿಗೆ ಸೇರಿಸಿ ಲೆಕ್ಕ ಹಾಕಿಸಿದ್ದು ಉಪಯೋಗಕ್ಕೆ ಬಂತು. ಆದರೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನ ಒಂದು ವರ್ಷದ ಇಪಿಜಿಪಿ ಕೋರ್ಸ್‌ನ ಬಗ್ಗೆ ಅವರು ತಾವಾಗಿ ಒಂದು ಮಾತನ್ನೂ ಆಡಲಿಲ್ಲ. ನಾನೇ ಎತ್ತಿದಾಗ ‘ಅದನ್ನು ಆಮೇಲೆ ನೋಡೋಣ’ ಎಂಬ ಉತ್ತರ ಬಂತು. ಸಂಸ್ಥೆಯ ಜಾಹೀರಾತಿನಲ್ಲಿ ವಿದೇಶಿ ಕಾಲೇಜುಗಳ ಲಾಂಛನಗಳೇ ಸಾಲಾಗಿ ನಿಲ್ಲುತ್ತವೆ ಎಂಬುದನ್ನು ನೋಡಿದರೆ ಈ ಮೌನದ ಕಾರಣ ಊಹಿಸುವುದು ಕಷ್ಟವಲ್ಲ. ಐದು ವರ್ಷಕ್ಕಿಂತ ಹೆಚ್ಚಿನ ಅನುಭವವಿದ್ದು, ಕೆಲಸವನ್ನು ಭಾರತದಲ್ಲೇ ಮುಂದುವರಿಸಬೇಕೆನ್ನುವವರು ಈ ಮಾತನ್ನು ತಾವೇ ಎತ್ತಬೇಕು.

ರೆಸ್ಯೂಮೆಯ ಕೆಲಸ ಬೇಗ ಮುಗಿಯಿತು, ಚೆನ್ನಾಗಿಯೂ ಆಯಿತು. ಐಟಿ ಕಂಪನಿಗಳ ರೂಢಿಯಂತೆ ನನ್ನದು ಯೋಜನೆಗಳ ಹೆಸರು, ಬಳಸಿದ ತಂತ್ರಜ್ಞಾನಗಳ ಪಟ್ಟಿ, ತಂಡದ ಗಾತ್ರ ಎಂದು ನಾಲ್ಕು ಪುಟಗಳಷ್ಟಿತ್ತು. ಅದು ಒಂದು ಪುಟಕ್ಕೆ ಇಳಿಯಿತು. ‘ಜಾವಾ, ಕಾಫ್ಕಾ ಬಳಸಿ ದಾಸ್ತಾನು ಮಾಡ್ಯೂಲ್ ಅಭಿವೃದ್ಧಿ’ ಎಂದಿದ್ದ ಸಾಲು, ಗೋದಾಮಿನ ಲೆಕ್ಕಕ್ಕೂ ಕಪಾಟಿನಲ್ಲಿರುವ ಸರಕಿಗೂ ಬರುತ್ತಿದ್ದ ವ್ಯತ್ಯಾಸವನ್ನು ನಾನು ಹೇಗೆ ಪತ್ತೆಹಚ್ಚಿದೆ, ಅದನ್ನು ಸರಿಪಡಿಸಲು ಯಾರನ್ನು ಒಪ್ಪಿಸಬೇಕಾಯಿತು, ಗ್ರಾಹಕರಿಗೆ ಅದರಿಂದ ಎಷ್ಟು ಉಳಿತಾಯವಾಯಿತು ಎಂಬ ಸಾಲಾಯಿತು. ಪ್ರವೇಶ ಸಮಿತಿಯಲ್ಲಿ ಕುಳಿತವರಿಗೆ ಕಾಫ್ಕಾ ಎಂದರೆ ಏನೆಂದು ತಿಳಿದಿರಬೇಕಾಗಿಲ್ಲ. ಮತ್ತೊಬ್ಬರನ್ನು ಒಪ್ಪಿಸಿ ಕೆಲಸ ಮಾಡಿಸಿದ್ದು ಮಾತ್ರ ಅವರಿಗೆ ಬೇಕಾದ ವಿಷಯ.

ಪ್ರಬಂಧಗಳ ಹಂತಕ್ಕೆ ಬಂದಾಗ ನನ್ನ ಕಡತ ಇಬ್ಬರ ಕೈಗೆ ಹೋಯಿತು. ಸಲಹೆಗಾರ್ತಿ ವಿಷಯವನ್ನು ನೋಡುತ್ತಾರೆ, ಭಾಷೆಯನ್ನು ಬೇರೊಬ್ಬ ಸಂಪಾದಕರು ನೋಡುತ್ತಾರೆ ಎಂಬ ವ್ಯವಸ್ಥೆ. ಒಪ್ಪಂದದ ಹೊತ್ತಿಗೆ ಈ ಎರಡನೆಯವರ ಪ್ರಸ್ತಾಪವೇ ಇರಲಿಲ್ಲ. ಮೊದಲ ಕರಡು ಅವರಿಂದ ತಿರುಗಿ ಬಂದಾಗ ನಾನು ಬೆಚ್ಚಿದೆ. ಮಂಡಿ ವರ್ತಕರಾದ ನನ್ನ ತಂದೆ ಅದರಲ್ಲಿ ಬಡ ರೈತರಾಗಿದ್ದರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಓದಿದ್ದು ಒಂದು ದೌರ್ಭಾಗ್ಯವೆಂಬಂತೆ, ಅದನ್ನು ಜಯಿಸಿ ಮೇಲೆ ಬಂದ ವೀರಗಾಥೆಯಂತೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಬಡತನವಿರಲಿಲ್ಲ. ಎಪಿಎಂಸಿ ಯಾರ್ಡಿನ ಮಳಿಗೆ, ಲೆಕ್ಕದ ಪುಸ್ತಕ, ನಂಬಿದ ಬೆಳೆಗಾರರು ಇದ್ದರು. ಕನ್ನಡ ಮಾಧ್ಯಮದಲ್ಲಿ ನನಗೆ ಸಿಕ್ಕ ಗಣಿತದ ಮೇಷ್ಟ್ರ ಕಾರಣದಿಂದಲೇ ನಾನು ಎಂಜಿನಿಯರಿಂಗ್‌ಗೆ ಬಂದದ್ದು. ಕಷ್ಟಪಟ್ಟು ಮೇಲೆ ಬಂದವರು ತಮ್ಮ ಕಷ್ಟವನ್ನು ಬರೆಯಲೇಬೇಕು, ಅದರಲ್ಲಿ ಸಂಕೋಚ ಬೇಡ. ಆದರೆ ಭಾರತದ ಸಣ್ಣ ಊರಿನಿಂದ ಬಂದವರ ಕಥೆಯೆಂದರೆ ಅದು ಸಂಕಟದ ಕಥೆಯೇ ಆಗಿರಬೇಕೆಂದು ತಿಳಿದು, ಇಲ್ಲದ ಕಷ್ಟವನ್ನು ಇನ್ನೊಬ್ಬರ ತಂದೆಯ ಮೇಲೆ ಹೊರಿಸುವುದು ಅಸತ್ಯ. ನಿಜವಾಗಿ ಕಷ್ಟಪಟ್ಟವರಿಗೆ ಮಾಡುವ ಅನ್ಯಾಯವೂ ಹೌದು. ನಾನು ಬರವಣಿಗೆಯಲ್ಲೇ ಆಕ್ಷೇಪ ಸಲ್ಲಿಸಿದೆ. ಸಲಹೆಗಾರ್ತಿ ಒಡನೆಯೇ ನನ್ನ ಪರವಾಗಿ ನಿಂತು, ಆ ಪ್ಯಾರಾಗಳನ್ನು ಕಿತ್ತುಹಾಕಿ, ಮೂಲ ಕರಡನ್ನು ಮರಳಿ ತಂದರು. ಅವರ ಬಗ್ಗೆ ನನ್ನ ಗೌರವ ಹೆಚ್ಚಿದ್ದು ಅಲ್ಲಿ. ಆದರೂ ಹೀಗೊಂದು ಕರಡು ಸಂಸ್ಥೆಯ ಒಳಗಿನಿಂದ ಸಿದ್ಧವಾಗಿ ಬಂದದ್ದು, ಇದೇ ಅಚ್ಚಿನಲ್ಲಿ ಇನ್ನೆಷ್ಟು ಜನರ ಕಥೆ ತಯಾರಾಗುತ್ತಿದೆಯೋ ಎಂದು ಯೋಚಿಸುವಂತೆ ಮಾಡಿತು.

ಭಾಷೆಯ ತಿದ್ದುವಿಕೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಸಂಪಾದಕರ ಕೈದಾಟಿದ ವಾಕ್ಯಗಳು ವ್ಯಾಕರಣಬದ್ಧವಾಗಿ, ನುಣುಪಾಗಿ ಇದ್ದವು, ಮತ್ತು ಯಾರದ್ದೂ ಆಗಿರಲಿಲ್ಲ. ಮಂಡಿಯಲ್ಲಿ ತೂಕದ ಹೊತ್ತಿಗೆ ಬೆಳೆಗಾರ ತಕ್ಕಡಿಯನ್ನಲ್ಲ, ಬರೆದುಕೊಳ್ಳುವವನ ಕೈಯನ್ನು ನೋಡುತ್ತಾನೆ ಎಂದು ನಾನು ಬರೆದ ಸಾಲು, ಪಾರದರ್ಶಕತೆಯ ಮಹತ್ವವನ್ನು ನಾನು ಬಾಲ್ಯದಲ್ಲೇ ಅರಿತೆ ಎಂದಾಗಿತ್ತು. ಕೊನೆಗೆ ನಾನು ಪದಗಳ ಮಿತಿಗೆ ತಕ್ಕಂತೆ ಕತ್ತರಿಸುವ ಕೆಲಸಕ್ಕೆ ಮಾತ್ರ ಅವರನ್ನು ಬಳಸಿಕೊಂಡೆ. ಆ ಕೆಲಸವನ್ನು ಅವರು ನಿಜಕ್ಕೂ ಚೊಕ್ಕವಾಗಿ ಮಾಡುತ್ತಾರೆ. ಹಾರ್ವರ್ಡ್ 2024ರಲ್ಲಿ ತನ್ನ ಒಂದೇ ಮುಕ್ತ ಪ್ರಬಂಧವನ್ನು ಕೈಬಿಟ್ಟು ವ್ಯವಹಾರದ ಒಲವು, ನಾಯಕತ್ವ, ಕುತೂಹಲ ಈ ಮೂರರ ಮೇಲೆ ಮೂರು ಚಿಕ್ಕ ಪ್ರಬಂಧಗಳನ್ನು ಕೇಳತೊಡಗಿದ ಮೇಲೆ, ಕಡಿಮೆ ಪದಗಳಲ್ಲಿ ಹೇಳುವ ಕೌಶಲಕ್ಕೆ ಬೆಲೆ ಹೆಚ್ಚಿದೆ. ಎಐ ಬಳಸಿ ಪ್ರಬಂಧ ಬರೆಸಿಕೊಳ್ಳುವುದರ ಬಗ್ಗೆ ಸಲಹೆಗಾರ್ತಿಯ ನಿಲುವು ಸ್ಪಷ್ಟವಾಗಿತ್ತು: ಪ್ರತಿ ಕಾಲೇಜಿನ ನಿಯಮವನ್ನು ಓದಿ, ಅದು ಅನುಮತಿಸಿದಷ್ಟನ್ನೇ ಮಾಡಬೇಕು. ನನಗನಿಸುವಂತೆ ಅದೇ ಎಚ್ಚರಿಕೆಯನ್ನು ಮನುಷ್ಯ ಸಂಪಾದಕರ ವಿಷಯದಲ್ಲೂ ಪಾಲಿಸುವುದು ಒಳ್ಳೆಯದು.

ಇನ್ನೊಂದು ಕೊರತೆ ಸಮಯದ್ದು. ಅಮೆರಿಕದ ಹೆಚ್ಚಿನ ಕಾಲೇಜುಗಳ ಮೊದಲ ಸುತ್ತಿನ ಗಡುವು ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯ ಮೊದಲ ದಿನಗಳಲ್ಲಿ ಬರುತ್ತದೆ. ಸಲಹೆಗಾರರ ಕೈಯಲ್ಲಿರುವ ಅಭ್ಯರ್ಥಿಗಳೆಲ್ಲರ ಕರಡುಗಳೂ ಒಂದೇ ವಾರದಲ್ಲಿ ಅವರ ಮೇಜಿಗೆ ಬಂದು ಬೀಳುತ್ತವೆ. ಒಪ್ಪಂದದಲ್ಲಿ ಎರಡು ದಿನಗಳೊಳಗೆ ಉತ್ತರ ಎಂದಿದ್ದದ್ದು ಡಿಸೆಂಬರಿನ ಕೊನೆಯಲ್ಲಿ ಒಂದು ವಾರವಾಯಿತು. ಕ್ರಿಸ್‌ಮಸ್ ರಜೆಯನ್ನು ಯಾರೂ ಆಕ್ಷೇಪಿಸುವುದಿಲ್ಲ, ಆದರೆ ಈ ವ್ಯವಹಾರದ ಅತಿ ಒತ್ತಡದ ವಾರ ಅದೇ ಎಂಬುದು ಸಂಸ್ಥೆಗೆ ಪ್ರತಿ ವರ್ಷವೂ ಗೊತ್ತಿರುವ ವಿಷಯ. ಅಷ್ಟು ಜನರನ್ನು ಒಪ್ಪಿಕೊಳ್ಳಬಾರದಿತ್ತು.

ಶಿಫಾರಸು ಪತ್ರಗಳ ವಿಷಯದಲ್ಲಿ ಸಂಸ್ಥೆಯ ನಡವಳಿಕೆ ಮೆಚ್ಚುವಂಥದ್ದು. ‘ನೀನೇ ಬರೆದುಕೊಡು, ನಾನು ಅಪ್‌ಲೋಡ್ ಮಾಡುತ್ತೇನೆ’ ಎಂದು ಮ್ಯಾನೇಜರುಗಳು ಹೇಳುವುದು ನಮ್ಮ ಕಚೇರಿಗಳಲ್ಲಿ ಸರ್ವೇಸಾಮಾನ್ಯ. ಹೆಚ್ಚಿನವರು ಅದನ್ನು ದಯೆಯಿಂದಲೇ ಹೇಳುತ್ತಾರೆ, ಕೆಲಸದ ಒತ್ತಡವೂ ಇರುತ್ತದೆ. ಸಲಹೆಗಾರ್ತಿ ಇದಕ್ಕೆ ಖಡಾಖಂಡಿತವಾಗಿ ಬೇಡವೆಂದರು. ಬಹಳಷ್ಟು ಕಾಲೇಜುಗಳು ಬಳಸುವ ಸಾಮಾನ್ಯ ನಮೂನೆಯಲ್ಲಿ ಎರಡು ಪ್ರಶ್ನೆಗಳು ಮುಖ್ಯ: ಇದೇ ಬಗೆಯ ಹೊಣೆ ಹೊತ್ತ ಇತರರ ಜೊತೆ ಹೋಲಿಸಿದರೆ ಈ ಅಭ್ಯರ್ಥಿ ಹೇಗೆ, ಮತ್ತು ನೀವು ಇವರಿಗೆ ಕೊಟ್ಟ ಮುಖ್ಯವಾದ ತಿದ್ದುಪಡಿಯ ಸಲಹೆ ಯಾವುದು, ಅದಕ್ಕೆ ಇವರು ಹೇಗೆ ಸ್ಪಂದಿಸಿದರು. ಎರಡನೆಯದಕ್ಕೆ ತಾನೇ ತನ್ನ ಬಗ್ಗೆ ಪ್ರಾಮಾಣಿಕವಾಗಿ ಬರೆದುಕೊಳ್ಳಲು ಯಾರಿಗೂ ಸಾಧ್ಯವಾಗದು. ನಾವು ಒಟ್ಟಿಗೆ ಮಾಡಿದ ಕೆಲಸಗಳನ್ನು, ನಡೆದ ತಾರೀಖುಗಳ ಸಮೇತ, ಒಂದು ಪುಟದಲ್ಲಿ ಬರೆದು ಮ್ಯಾನೇಜರಿಗೆ ಕೊಟ್ಟು, ಅರ್ಧ ಗಂಟೆ ಕುಳಿತು ಮಾತನಾಡಿ ಎಂದು ಅವರು ಹೇಳಿದರು. ಹಾಗೆ ಮಾಡಿದಾಗ ನನ್ನ ಮ್ಯಾನೇಜರ್ ನಾನು ಮರೆತೇಬಿಟ್ಟಿದ್ದ ಒಂದು ಘಟನೆಯನ್ನು ನೆನಪಿಸಿಕೊಂಡರು. ಪತ್ರವನ್ನು ನಾನು ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಅಂಕಪಟ್ಟಿಗಳ ಬಗ್ಗೆ ವಿಟಿಯುನಲ್ಲಿ ಓದಿದವರಿಗೆ ಒಂದು ಮಾತು. ಶೇಕಡಾವಾರು ಅಂಕಗಳನ್ನು ಅಮೆರಿಕದ ನಾಲ್ಕರ ಅಳತೆಗೆ (ಜಿಪಿಎ) ನೀವಾಗಿ ಪರಿವರ್ತಿಸಲು ಹೋಗಬೇಡಿ. ಅನೇಕ ಕಾಲೇಜುಗಳು ಮೂಲ ಅಳತೆಯಲ್ಲೇ ನಮೂದಿಸಿ ಎಂದು ಅರ್ಜಿಯಲ್ಲೇ ಹೇಳುತ್ತವೆ. ಬೆಳಗಾವಿಯಿಂದ ಟ್ರಾನ್ಸ್‌ಕ್ರಿಪ್ಟ್ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಅದನ್ನು ಜಿಮ್ಯಾಟ್ ಓದುವಾಗಲೇ ತರಿಸಿಕೊಂಡಿರುವುದು ಕ್ಷೇಮ. ಸಲಹೆಗಾರ್ತಿಗೆ ಇದು ಗೊತ್ತಿತ್ತು, ಸಕಾಲದಲ್ಲಿ ನೆನಪಿಸಿದರು.

ಅಣಕು ಸಂದರ್ಶನಗಳಿಗೆ ಬಂದರೆ, ಇಲ್ಲಿ ಸಂಸ್ಥೆ ಮತ್ತೆ ತನ್ನ ಶ್ರೇಷ್ಠ ಮಟ್ಟಕ್ಕೆ ಏರಿತು. ಸಂದರ್ಶನದ ಸ್ವರೂಪ ಕಾಲೇಜಿನಿಂದ ಕಾಲೇಜಿಗೆ ಬಹಳ ಬೇರೆಯಾಗುತ್ತದೆ. ಹಾರ್ವರ್ಡ್‌ನಲ್ಲಿ ಸಂದರ್ಶಕರು ನಿಮ್ಮ ಇಡೀ ಅರ್ಜಿಯನ್ನು ಓದಿಕೊಂಡು ಬಂದಿರುತ್ತಾರೆ. ವಾರ್ಟನ್ ಐದಾರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಗುಂಪು ಚರ್ಚೆ ನಡೆಸುತ್ತದೆ. ಇನ್ಸಿಯಾಡ್‌ನ ಅಭ್ಯರ್ಥಿಗಳನ್ನು ಆಯಾ ದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಸಂದರ್ಶಿಸುತ್ತಾರೆ. ಈ ವ್ಯತ್ಯಾಸಗಳಿಗೆ ತಕ್ಕಂತೆ ಪ್ರತ್ಯೇಕ ಅಭ್ಯಾಸ ಕೊಟ್ಟರು, ಪ್ರತಿ ಸಲವೂ ಧ್ವನಿಮುದ್ರಣ ಕೊಟ್ಟರು. ಅದನ್ನು ಕೇಳುವಾಗ ಎದ್ದು ಕಂಡದ್ದು ಒಂದು ಅಭ್ಯಾಸ: ಯಾವ ಪ್ರಶ್ನೆಗೂ ನಾನು ‘ನಾವು ಮಾಡಿದೆವು, ನಮ್ಮ ತಂಡ ನಿರ್ಧರಿಸಿತು’ ಎಂದೇ ಉತ್ತರಿಸುತ್ತಿದ್ದೆ. ನಮ್ಮಲ್ಲಿ ನಾನು ನಾನು ಎನ್ನುವವರನ್ನು ಹಿರಿಯರು ಮೆಚ್ಚುವುದಿಲ್ಲ, ಆ ಸಂಸ್ಕಾರ ಒಳ್ಳೆಯದೇ. ಆದರೆ ಸಂದರ್ಶಕರಿಗೆ ತಂಡವನ್ನು ಸೇರಿಸಿಕೊಳ್ಳುವ ಅಧಿಕಾರವಿಲ್ಲ, ಒಬ್ಬರನ್ನು ಸೇರಿಸಿಕೊಳ್ಳಬೇಕು. ಸಲಹೆಗಾರ್ತಿ ಪ್ರತಿ ‘ನಾವು’ ಬಂದಾಗ ಕೈ ಎತ್ತಿ ನಿಲ್ಲಿಸಿ, ‘ಆ ಸಭೆಯಲ್ಲಿ ನೀವು ಆಡಿದ ಮಾತು ಯಾವುದು?’ ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಆರಂಭದಲ್ಲಿ ತಡವರಿಸುತ್ತಿದ್ದೆ. ಬರಬರುತ್ತಾ ತಂಡದವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ನನ್ನ ಪಾಲನ್ನೂ ಹಿಂಜರಿಕೆಯಿಲ್ಲದೆ ಹೇಳುವುದು ಸಾಧ್ಯವಾಯಿತು. ಬೆಂಗಳೂರಿನಲ್ಲಿ ನಡೆದ ನಿಜವಾದ ಸಂದರ್ಶನದಲ್ಲಿ ಸಂದರ್ಶಕರು ಉಗ್ರಾಣ ರಸೀದಿಯ ಬಗ್ಗೆಯೇ ಬಹಳ ಹೊತ್ತು ಕೇಳಿದರು. ಗೋದಾಮು ದೂರವಿದ್ದರೆ ಸಣ್ಣ ಬೆಳೆಗಾರ ಸಾಗಣೆ ಖರ್ಚು ಕೊಟ್ಟು ಅಲ್ಲಿಗೆ ಏಕೆ ಬರಬೇಕು ಎಂಬ ಅವರ ಪ್ರಶ್ನೆ ಅಣಕು ಸಂದರ್ಶನದಲ್ಲಿ ಆಗಲೇ ಬಂದಿತ್ತು.

ಹಣಕಾಸಿನ ವಿಷಯದಲ್ಲಿ ಇವರಿಂದ ಏನನ್ನೂ ನಿರೀಕ್ಷಿಸಬೇಡಿ. ಕಾಲೇಜುಗಳೇ ಕೊಡುವ ವಿದ್ಯಾರ್ಥಿವೇತನಗಳ ಪ್ರಬಂಧಗಳನ್ನು ನೋಡಿಕೊಟ್ಟರು, ಅಷ್ಟೇ. 1892ರಿಂದ ನಡೆದುಕೊಂಡು ಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲರೂಪದ ವಿದ್ಯಾರ್ಥಿವೇತನದ ಬಗ್ಗೆಯಾಗಲಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಕರ್ನಾಟಕ ಸರ್ಕಾರ ನೆರವು ನೀಡುವ ಪ್ರಬುದ್ಧ ಯೋಜನೆಯ ಬಗ್ಗೆಯಾಗಲಿ ಅವರಿಗೆ ಮಾಹಿತಿ ಇರಲಿಲ್ಲ. ರಾಜ್ಯದಲ್ಲಿ ಕಚೇರಿ ಇಟ್ಟುಕೊಂಡು, ಇಲ್ಲಿನ ಅಭ್ಯರ್ಥಿಗಳಿಂದ ಲಕ್ಷಗಟ್ಟಲೆ ಶುಲ್ಕ ಪಡೆಯುವ ಸಂಸ್ಥೆ ಇಷ್ಟನ್ನಾದರೂ ತಿಳಿದುಕೊಂಡಿರಬೇಕು. ಪ್ರವೇಶ ಸಿಕ್ಕಿದ ಮೇಲೆ ಅರ್ಧದಷ್ಟು ಜನರ ಚಿಂತೆ ಸಾಲದ್ದೇ ಆಗಿರುತ್ತದೆ.

ಹಾಗಾದರೆ ಯಾರು ಈ ಸೇವೆ ಪಡೆಯಬೇಕು? ಕಚೇರಿಯಲ್ಲಿ, ಬಂಧುಗಳಲ್ಲಿ ಇಂಥ ಕಾಲೇಜುಗಳಲ್ಲಿ ಓದಿದವರಿದ್ದು, ಅವರು ನಿಮಗಾಗಿ ಕೆಲವು ಸಂಜೆಗಳನ್ನು ಕೊಡುವಂತಿದ್ದರೆ, ಖಂಡಿತ ಅವರ ಬಳಿಗೆ ಹೋಗಿ. ಅಂಥವರ ಪರಿಚಯವಿಲ್ಲದ, ಮನೆಯಲ್ಲಿ ಮೊದಲ ಬಾರಿಗೆ ಇಂಥ ಅರ್ಜಿ ಹಾಕುತ್ತಿರುವ, ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಓದಿ ಬಂದವರಿಗೆ ಒಳ್ಳೆಯ ಸಲಹೆಗಾರರು ನಿಜವಾದ ಆಸರೆ. ಆದರೆ ಅಂಥವರಿಗೂ ಪೂರ್ತಿ ಪ್ಯಾಕೇಜ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆರಂಭದ ಮಾತುಕತೆಗಳು, ಕಾಲೇಜುಗಳ ಆಯ್ಕೆ, ರೆಸ್ಯೂಮೆ, ಅಣಕು ಸಂದರ್ಶನ, ಇವಿಷ್ಟನ್ನು ಗಂಟೆಯ ಲೆಕ್ಕದಲ್ಲಿ ಪಡೆದರೆ ನಾನು ಕೊಟ್ಟ ಹಣದ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಪ್ರಬಂಧಗಳನ್ನು ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಗೆಳೆಯರಿಗೆ ಓದಲು ಕೊಡಿ. ಇದು ನೀನಲ್ಲ ಎಂದು ಹೇಳಬಲ್ಲವರು ಅವರೇ.

ಹಣ ಕಟ್ಟುವ ಮೊದಲು ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಕಡತವನ್ನು ನೋಡುವವರು ಯಾರು, ಮತ್ತೊಬ್ಬರ ಕೈಗೆ ಹೋಗುವುದಾದರೆ ಅವರು ಯಾರು. ಅದೇ ಸಲಹೆಗಾರರು ಅದೇ ಸುತ್ತಿನಲ್ಲಿ ಅದೇ ಕಾಲೇಜಿಗೆ ನಿಮ್ಮಂಥದೇ ಹಿನ್ನೆಲೆಯ ಎಷ್ಟು ಜನರಿಗೆ ನೆರವಾಗುತ್ತಿದ್ದಾರೆ. ಡಿಸೆಂಬರಿನ ಕೊನೆಯ ವಾರದಲ್ಲಿ ಉತ್ತರ ಎಷ್ಟು ದಿನಕ್ಕೆ ಬರುತ್ತದೆ. ಒಂದು ಕಾಲೇಜನ್ನು ಕೈಬಿಟ್ಟರೆ ಅದರ ಪಾಲಿನ ಹಣ ಮರಳುತ್ತದೆಯೇ. ವೇಟ್‌ಲಿಸ್ಟ್‌ಗೆ ಹೋದರೆ ಕಾಲೇಜಿಗೆ ಬರೆಯಬೇಕಾದ ಪತ್ರಗಳಿಗೆ ನೆರವು ಪ್ಯಾಕೇಜಿನಲ್ಲಿ ಸೇರಿದೆಯೇ. ನನ್ನ ಒಪ್ಪಂದದಲ್ಲಿ ಈ ಕೊನೆಯದು ಸೇರಿರಲಿಲ್ಲ. ಅಮೆರಿಕದ ಒಂದು ಕಾಲೇಜು ಮಾರ್ಚಿನಲ್ಲಿ ನನ್ನನ್ನು ವೇಟ್‌ಲಿಸ್ಟ್‌ನಲ್ಲಿಟ್ಟಾಗ ಸಂಸ್ಥೆಯ ಕಚೇರಿಯಿಂದ ಹೆಚ್ಚುವರಿ ಶುಲ್ಕದ ಬಿಲ್ ಬಂತು. ಸಲಹೆಗಾರ್ತಿ ಅದಕ್ಕೆ ಕಾಯದೆ ತಾವಾಗಿಯೇ ದೂರವಾಣಿ ಮಾಡಿ, ಪತ್ರದಲ್ಲಿ ಏನಿರಬೇಕು, ಏನಿರಬಾರದು ಎಂದು ಹೇಳಿಕೊಟ್ಟರು.